ಹಸಿದ ಕೈಯ ಕೆಂಪು

ನೂಲಿನ ಕಟ್ಟುಗಳ ಮೇಲೆ ಚೀಟಿ ಅಂಟಿಸುವುದು ನನ್ನ ಕೆಲಸ. ಚೀಟಿಯಲ್ಲಿ ಎರಡು ಇಂಗ್ಲಿಷ್ ಶಬ್ದಗಳಿವೆ. ಎರಡನೆಯದು ಕೆಂಪು ಬಣ್ಣದ ಹೆಸರು ಎಂದು ಬಣ್ಣದ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊದಲನೆಯದು 'ಫಾಸ್ಟ್'. ಅದನ್ನು ನಾನು ಅರ್ಥ ತಿಳಿಯದೆಯೇ ವರ್ಷಗಟ್ಟಲೆ ಅಂಟಿಸಿದೆ. ತೊಳೆದರೆ ಹೋಗದ ಬಣ್ಣಕ್ಕೆ ಹಾಗನ್ನುತ್ತಾರೆ ಎಂದು ಹೇಳಿದ್ದರು, ನಂಬಿದ್ದೆ. ಆಮೇಲೆ ಒಂದು ದಿನ ಹೊರಗಿನಿಂದ ಬಂದ ಬಸ್ಸಿನ ಹಣೆಯ ಮೇಲೆ ಅದೇ ಅಕ್ಷರಗಳನ್ನು ಕಂಡೆ. ಬಸ್ಸು ಓಡುವಂಥದ್ದು, ನಮ್ಮ ಬಣ್ಣ ನಿಲ್ಲುವಂಥದ್ದು. ಎರಡಕ್ಕೂ ಒಂದೇ ಚೀಟಿ ಹೇಗಾಗುತ್ತದೆ? ಇಷ್ಟು ವರ್ಷ ತಪ್ಪು ಚೀಟಿ ಅಂಟಿಸಿ ಕಳಿಸಿದ್ದೇನೆಯೇ? ಕಟ್ಟು ಕೊಂಡವರು ಯಾವ ಊರಿನಲ್ಲೋ ಕುಳಿತು ನನ್ನನ್ನು ಬೈಯುತ್ತಿರಬಹುದೇ? ಆ ಹೆದರಿಕೆಗೆ ಸಂಜೆ ಶಾಲೆ ಸೇರಿದೆ. ಮನೆಗೆ ಬೇಗ ಹೋಗಬೇಕಾದ ಕಾರಣ ಆಗ ಇರಲಿಲ್ಲ ಎನ್ನುವುದೂ ನಿಜ.

ನಮ್ಮ ಊರಿನಲ್ಲಿ ಉಂಡವರು ಉಂಡವರ ಜೊತೆ, ಹಸಿದವರು ಹಸಿದವರ ಜೊತೆ ಮಾತನಾಡುತ್ತಾರೆ. ಒಂದು ಹೊತ್ತು ಊಟ ಬಿಟ್ಟವನ ಮಾತು ತುಸು ಚುರುಕು, ತುಸು ಕೀರಲು. ಎರಡು ಹೊತ್ತು ಬಿಟ್ಟವನು ಬಾಗಿಲಲ್ಲಿ ಕಂಡ ಎನ್ನುವಷ್ಟರಲ್ಲಿ ಹಿತ್ತಲಲ್ಲಿರುತ್ತಾನೆ. ಅದನ್ನೂ ಮೀರಿದವನು ಎಷ್ಟು ಬೇಗ ಓಡಾಡುತ್ತಾನೆಂದರೆ ಕಣ್ಣಿಗೇ ಬೀಳುವುದಿಲ್ಲ, ಅವನ ಮಾತು ಸೊಳ್ಳೆಯ ದನಿಯಾಗುತ್ತದೆ. ಅದಕ್ಕೇ ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ಊರೆಲ್ಲ ಒಟ್ಟಿಗೆ ತಟ್ಟೆಗೆ ಕೂರುತ್ತದೆ. ಹೆಣ್ಣು ನೋಡಲು ಬಂದರೆ, ಮನೆ ಪಾಲಿನ ಮಾತು ಎತ್ತಬೇಕಾದರೆ, ಮೊದಲು ಎರಡೂ ಕಡೆಯವರು ಒಂದೇ ಬುಟ್ಟಿಯ ರೊಟ್ಟಿ ಮುರಿಯುತ್ತಾರೆ. ಇಲ್ಲದಿದ್ದರೆ ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆಗಿಂತ ಮೊದಲೇ ಬಂದು ಜಗಳವಾಗುತ್ತದೆ. ಏಕಾದಶಿಯ ದಿನ ಎಲ್ಲರೂ ಉಪವಾಸವಿರುವುದರಿಂದ ಯಾರಿಗೂ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಹೊತ್ತು ಮಾತ್ರ ಸರಿಯುವುದಿಲ್ಲ. ಬಸ್ಸು ನಿಲ್ದಾಣಕ್ಕೆ ತಿರುಗುವಷ್ಟರಲ್ಲಿ ಹೆಂಗಸರು ಒಂದು ತಿಂಗಳ ಹಪ್ಪಳ ಲಟ್ಟಿಸಿ ಮುಗಿಸಿರುತ್ತಾರೆ. ಹಪ್ಪಳ ಒಣಗುವುದು ಮಾತ್ರ ಮರುದಿನವೇ.

ನಮ್ಮ ಕೆಂಪು ಹುಟ್ಟುವುದೂ ಹೀಗೆಯೇ. ಕುದಿಯುವ ಹಂಡೆಯಲ್ಲಿ ನೂಲಿಗೆ ಬಣ್ಣ ಹಿಡಿಯುವ ಗಳಿಗೆ ಒಂದಿದೆ. ರೆಪ್ಪೆ ಬಡಿಯುವಷ್ಟು ಮೊದಲು ಎತ್ತಿದರೆ ಬಣ್ಣ ನೀರಿಗೆ ಬಿಡುತ್ತದೆ, ಅಷ್ಟು ತಡವಾದರೆ ಕಂದಾಗುತ್ತದೆ. ಉಂಡ ಕೈಗೆ ಆ ಗಳಿಗೆ ಸಿಗುವುದಿಲ್ಲ. ಆದ್ದರಿಂದ ಕೆಂಪಿನ ದಿನಗಳಲ್ಲಿ ನೂಲು ಎತ್ತುವವರು ಉಪವಾಸವಿರುತ್ತಾರೆ. ಕೆಲಸ ಮುಗಿದ ಮೇಲೆ ಅವರು ತಮ್ಮ ತಮ್ಮ ಮನೆಯ ಹೊಸ್ತಿಲ ಮೇಲೆ ಕುಳಿತು ಬಾಯಿ ತೆರೆದು ಕಾಯಬೇಕು. ಮನೆಯವರು ಒಂದು ತುತ್ತು ಇಡುತ್ತಾರೆ. ಅದಕ್ಕೆ ಇಳಿತುತ್ತು ಎನ್ನುತ್ತೇವೆ. ನಮಗೆ ಅದು ಒಳಗಿನಿಂದ ತಟ್ಟೆ ತರುವಷ್ಟು ಹೊತ್ತು, ಅವರಿಗೆ ಅರ್ಧ ದಿನ. ಆ ತುತ್ತು ನುಂಗಿದ ಮೇಲೆ ಅವರು ಮೆಲ್ಲನೆ ನಮ್ಮ ಕಣ್ಣಿಗೆ ಇಳಿಯುತ್ತಾರೆ, ಚಾಪೆ ಕೇಳುತ್ತಾರೆ, ಸತ್ತವರ ಹಾಗೆ ಮಲಗುತ್ತಾರೆ.

ನನ್ನ ಗಂಡ ದ್ಯಾಮಣ್ಣ ಎತ್ತುವವರಲ್ಲೆಲ್ಲ ಒಳ್ಳೆಯ ಕೈ. ಹೋದ ಸುಗ್ಗಿಯ ಕೆಂಪು ಮುಗಿದ ಸಂಜೆ ನಾನು ತುತ್ತು ಹಿಡಿದು ಹೊಸ್ತಿಲಿಗೆ ಬಂದೆ. ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಬೇರೆ ಮನೆಗಳ ಗಂಡಸರು ಇಳಿದು, ಮಲಗಿ, ಎದ್ದು, ಚಹಾದಂಗಡಿಯಲ್ಲಿ ಕೂತರು. ನನ್ನವರು ಬರಲಿಲ್ಲ. ಸತ್ತಿರಲಿಲ್ಲ. ತುಂಬಿಟ್ಟ ಕೊಡ ಖಾಲಿಯಾಗುತ್ತಿತ್ತು, ಹಗ್ಗದ ಮೇಲಿನ ಟವೆಲು ಒದ್ದೆಯಾಗಿರುತ್ತಿತ್ತು. ಒಮ್ಮೊಮ್ಮೆ ಕಿವಿಯ ಹತ್ತಿರ ಸೊಳ್ಳೆ ಗುಂಯ್ ಎನ್ನುತ್ತಿತ್ತು. ಅದು ಅವರೋ ಸೊಳ್ಳೆಯೋ ತಿಳಿಯದೆ ಕೈ ಬೀಸಲೂ ಭಯವಾಗುತ್ತಿತ್ತು. ಆ ಮಳೆಗಾಲವಿಡೀ ನಾನು ಸೊಳ್ಳೆಗಳಿಂದ ಕಚ್ಚಿಸಿಕೊಂಡೆ.

ಅಷ್ಟು ಓಡುವವರಿಗೆ ವಯಸ್ಸೂ ಅದೇ ಓಟದಲ್ಲಿ ಆಗುತ್ತದೆ. ನನ್ನ ಒಂದು ವಾರ ಅವರಿಗೆ ಎಷ್ಟೋ. ನಾನು ಚೀಟಿ ಅಂಟಿಸುತ್ತ ಕೂತಿರುವಾಗಲೇ ಅವರು ಬದುಕು ಮುಗಿಸಿಬಿಟ್ಟರೆ, ಒಂದು ದಿನ ಕೊಡ ತುಂಬಿಯೇ ಉಳಿದರೆ, ನನಗೆ ತಿಳಿಯುವುದು ಅಷ್ಟೇ. ಬೆಳಿಗ್ಗೆ ಎದ್ದು ಮೊದಲು ಕೊಡ ನೋಡುವುದು ಅಭ್ಯಾಸವಾಯಿತು.

ಸಂಜೆ ಶಾಲೆ ನೇಕಾರರ ಸಂಘದ ಮಹಡಿಯ ಮೇಲೆ ನಡೆಯುತ್ತದೆ. ಪದ್ಮನಾಭಯ್ಯ ಮಾಸ್ತರರು ಹೊರಗಿನವರು. ಮೊದಮೊದಲು ಡಬ್ಬಿಯ ಊಟವನ್ನು ತಡವಾಗಿ ಉಣ್ಣುತ್ತಿದ್ದರಿಂದ ಅವರ ಪಾಠ ನಮಗಿಂತ ಅರ್ಧ ಹೆಜ್ಜೆ ಮುಂದೆ ಓಡುತ್ತಿತ್ತು. ಗಂಟೆಗೇ ಉಣ್ಣಿರಿ ಎಂದು ನಾವೆಲ್ಲ ಕೇಳಿಕೊಂಡ ಮೇಲೆ ಸರಿಹೋಯಿತು. ನನ್ನ ಚೀಟಿಯನ್ನು ಒಂದು ದಿನ ಧೈರ್ಯ ಮಾಡಿ ಅವರ ಮೇಜಿನ ಮೇಲಿಟ್ಟೆ. ನೋಡಿ ನಕ್ಕರು.

"ಇದು ತಲೆ ತಿನ್ನೋ ಶಬ್ದ ಕಣಮ್ಮ," ಎಂದು ಎಲ್ಲರ ಕಡೆ ತಿರುಗಿದರು. "ಬೇಗ ಹೋಗೋದಕ್ಕೂ ಇದೇ ಶಬ್ದ. ಅಲುಗಾಡದ ಹಾಗೆ ಬಿಗಿಯಾಗಿರೋದಕ್ಕೂ ಇದೇ. ಉಪವಾಸಕ್ಕೂ ಇದೇ. ನೀರಿಗೆ ಬಿಡದ ಬಣ್ಣಕ್ಕೂ ಇದೇ. ಗಾಢವಾಗಿ ನಿದ್ದೆ ಹೋಗಿದ್ರೆ ಅದಕ್ಕೂ ಇದೇ. ಒಂದೇ ಬಾಯಲ್ಲಿ ಓಡು ಅನ್ನುತ್ತೆ, ನಿಲ್ಲು ಅನ್ನುತ್ತೆ. ಇದು ಹೇಗಪ್ಪ ಸಾಧ್ಯ, ನೀವೇ ಹೇಳಿ?"

ನಾವು ಬೆರಗಾಗುತ್ತೇವೆ ಎಂದುಕೊಂಡಿದ್ದರು. ಯಾರೂ ಆಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಕ್ಷೌರದ ಮಾನಪ್ಪ ಎದ್ದು ನಿಂತ.

"ಅದರಾಗೇನ್ ತಪ್ಪೈತ್ರಿ ಸರ? ಉಪಾಸ ಇದ್ದವ ಓಡತಾನ. ಅವ ಓಡಿದ್ರ ಬಣ್ಣ ನಿಂದರತೈತಿ. ಆಮ್ಯಾಲ ಮನಿಗಿ ಬಂದು ಸತ್ತಂಗ ಬೀಳತಾನ. ಎಲ್ಲಾ ಒಂದ ಕೆಲಸ ಅಲ್ಲೇನ್ರಿ?"

"ಇಂಗ್ಲಿಷ್ ಮಂದಿ ಊರೂ ನಮ್ಮಂಥಾದ್ದ ಇರಬೇಕ್ ಬಿಡ್ರಿ," ಎಂದು ಹಿಂದಿನಿಂದ ಯಾರೋ ಹೇಳಿದರು.

ಮಾಸ್ತರರು ಬಳಪ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ನನ್ನ ಚೀಟಿ ತಪ್ಪಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೇರೆ ಏನೋ ಕೇಳಬೇಕೆನಿಸಿತು, ಕೇಳಿದರೆ ದಡ್ಡಿ ಎನ್ನುತ್ತಾರೇನೋ ಎಂದು ಎರಡು ಸಲ ಬಾಯಿ ಮುಚ್ಚಿಕೊಂಡೆ. ಕೊನೆಗೆ ಕೇಳಿದೆ.

"ಇವೆಲ್ಲಾದರಾಗ ಮದಲಿಂದು ಯಾವದ್ರಿ ಸರ? ಓಡೂದೋ, ನಿಂದ್ರೂದೋ?"

"ಒಳ್ಳೆ ಪ್ರಶ್ನೆ. ನಿಲ್ಲೋದು. ಗಟ್ಟಿಯಾಗಿ ಹಿಡಿದು ನಿಲ್ಲೋದು, ಅದೇ ಮೂಲ. ಊಟ ಬಿಡೋದು ಅಂದ್ರೂ ನೇಮವನ್ನ ಗಟ್ಟಿಯಾಗಿ ಹಿಡಿಯೋದೇ ತಾನೆ. ಓಟ ಆಮೇಲೆ ಬಂತು. ಮುಂದೆ ಹೋಗ್ತಿರೋನ ಬೆನ್ನು ಬಿಡದೆ ಹಿಡಿದು ಹೋಗೋದಕ್ಕೆ ಆ ಮಾತು ಬಳಸಿದರು ಅಂತ ಹೇಳ್ತಾರೆ. ಬೆನ್ನು ಬಿಡಬಾರದು ಅಂದ್ರೆ ಬೇಗ ಹೋಗಲೇಬೇಕಲ್ಲ. ಬೇಗ ಅನ್ನೋ ಅರ್ಥ ಆ ಮನೆಯ ಕಿರಿ ಕೂಸು."

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿತ್ತು. ನಾನು ಒಂದು ಹೊತ್ತೂ ಊಟ ಬಿಟ್ಟವಳಲ್ಲ. ಗಂಟೆ ಬಾರಿಸುವ ಮೊದಲೇ ತಟ್ಟೆ ಹಾಕುವವಳು. ನನ್ನವರು ಮುಂದೆ ಹೋದರು ಎಂದು, ಬೆನ್ನು ಹಿಡಿಯದೆ ಇಷ್ಟು ದಿನ ಹೊಸ್ತಿಲ ಮೇಲೆ ತುತ್ತು ಹಿಡಿದು ನಿಂತದ್ದು ಸರಿಯೇ, ಅಥವಾ ಬರೀ ಹೆದರಿಕೆಯೇ?

ಪಕ್ಕದ ಮನೆಯ ಹುಸೇನಬಿ ಕಡಲೆ ಹುರಿದು ಪುಟಾಣಿ ಮಾರುವವಳು. ಗಂಡ ಬದುಕಿರುವಾಗ ಅವನೂ ಎತ್ತುವವನಾಗಿದ್ದ. ಅವಳನ್ನು ಕೇಳಿದೆ.

"ಅವರು ಭಾಳ ಮುಂದ ಹೋಗ್ಯಾರ ಹುಸೇನವ್ವ. ನಾ ಈಗ ಊಟ ಬಿಟ್ಟರ ಸಿಗತಾರೇನು?"

"ಸಿಗತಾನ. ಉಪಾಸದ ಓಟಕ್ಕೂ ಒಂದು ಗಡಿ ಐತಿ ಯವ್ವಾ. ಅದನ್ನ ಮುಟ್ಟಿದ ಮ್ಯಾಲ ಯಾರೂ ಯಾರಿಗಿಂತ ಮುಂದಿಲ್ಲ. ಹಸಿವಿ ಸೈತ ಹಿಂದ ಉಳಿದುಬಿಡತೈತಿ." ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಖರೇ, ನೀ ತಡಕೋತಿಯೇನು? ಬಾಗಿಲಿಗಿ ಚಿಲಕ ಹಾಕೇನಿಲ್ಲೋ ಅಂತ ಅರ್ಧ ದಾರಿಯಿಂದ ಹೊಳ್ಳಿ ಬರಾಕಿ ನೀನು."

"ತಡಕೋತೀನಿ."

"ತುತ್ತು ಜ್ವಾಕಿ. ನೀ ಹಸದಾಗ ಅಡಗಿ ಮಾಡಿದ್ರ ಉಪ್ಪು ನೋಡಬ್ಯಾಡ. ನಾಲಿಗಿ ತುದೀಗ ಸೋಂಕಿದ್ರ ಸಾಕು, ದೊಪ್ಪಂತ ಕೆಳಗ ಬೀಳತಿ. ಮದಲ ಅವನ ಬಾಯಿಗೆ, ಆಮ್ಯಾಲ ನಿನ್ನ ಬಾಯಿಗೆ. ಹಂಗಾದ್ರ ಇಬ್ಬರೂ ಕೂಡಿ ಇಳೀತೀರಿ."

ಬಣ್ಣದ ಮನೆಗೆ ರಜೆ ಹೇಳಿ ಊಟ ಬಿಟ್ಟೆ. ಮೊದಲ ದಿನ ಓಣಿಯ ಮಾತು ಜಗ್ಗಿದ ಹಾಗೆ ಕೇಳಿಸತೊಡಗಿತು. ಆಮೇಲೆ ಎದುರು ಬಂದವರಿಗೆ ದಾರಿ ಬಿಡುವುದೇ ಕೆಲಸವಾಯಿತು, ಅವರು ನನ್ನನ್ನು ಕಾಣುತ್ತಿರಲಿಲ್ಲ. ನನ್ನವರಿಗಾಗಿ ದಿನವೂ ರೊಟ್ಟಿ ಬಡಿಯುತ್ತಿದ್ದೆ. ಆದರೆ ಬೆಂಕಿ ನನ್ನ ಕೈಗೆ ಹೊಂದುತ್ತಿರಲಿಲ್ಲ. ಒಲೆಯ ಮುಂದೆ ಕುಳಿತು ಒಂದು ಉರಿ ಏಳುವುದನ್ನು ಕಾದೆ, ರೊಟ್ಟಿ ಉಬ್ಬುವುದನ್ನು ಕಾದೆ. ಪುಂಡಿಪಲ್ಯ ಬೇಯುವಷ್ಟರಲ್ಲಿ ಕಟ್ಟಿಗೆಯ ಗಂಟುಗಳೆಲ್ಲ ನನಗೆ ಬಾಯಿಪಾಠವಾದವು. ಉಪ್ಪು ನೋಡಲಿಲ್ಲ. ಅದೊಂದೇ ಮನಸ್ಸನ್ನು ಕುಟುಕುತ್ತಿತ್ತು.

ಕಡೆಗೆ ಒಂದು ಬೆಳಿಗ್ಗೆ ಎದ್ದಾಗ ಸದ್ದಿರಲಿಲ್ಲ. ನಲ್ಲಿಯ ತುದಿಯಲ್ಲಿ ಒಂದು ಹನಿ ತೂಗಿಕೊಂಡಿತ್ತು, ಬೀಳಲಿಲ್ಲ. ಹುಸೇನಬಿಯ ಒಲೆಯ ಹೊಗೆ ಕಂಬದಂತೆ ನಿಂತಿತ್ತು. ಅವಳು ಆಕಳಿಸಲು ಬಾಯಿ ತೆರೆದಿದ್ದಳು, ಬಾಯಲ್ಲಿ ಉಳಿದ ಹಲ್ಲುಗಳನ್ನೆಲ್ಲ ನೋಡಬಹುದಿತ್ತು. ನೋಡಬಾರದು ಎಂದು ಮುಖ ತಿರುಗಿಸಿಕೊಂಡೆ. ಹಸಿವೆ ಇರಲಿಲ್ಲ. ಹಿಂದಿನ ಸಂಜೆಯ ರೊಟ್ಟಿ ಪಲ್ಯವನ್ನು ಅರಿವೆಯಲ್ಲಿ ಕಟ್ಟಿಕೊಂಡು ಅವರನ್ನು ಹುಡುಕಲು ಹೊರಟೆ.

ಮೊದಲು ಬಣ್ಣದ ಮನೆಗೆ ಹೋದೆ. ಹಂಡೆಗಳ ನಡುವೆ ಇರಲಿಲ್ಲ. ಚಹಾದಂಗಡಿಯಲ್ಲಿ ಮಾನಪ್ಪ ಕಪ್ಪಿನಿಂದ ಬಸಿಗೆ ಬಗ್ಗಿಸುತ್ತಿದ್ದ ಚಹಾ ಗಾಳಿಯಲ್ಲಿ ನಿಂತಿತ್ತು. ಹೊಳೆಯ ಮೆಟ್ಟಿಲು, ಸಂಘದ ಮಹಡಿ, ಬಸ್ ನಿಲ್ದಾಣ. ಊರಿನ ತುಂಬ ಜನ, ಯಾರ ಕಣ್ಣೂ ನನ್ನ ಮೇಲಿಲ್ಲ. ನನಗೆ ಗುರುತಿದ್ದವರನ್ನೆಲ್ಲ ಹತ್ತಿರದಿಂದ ಹಾದು ಹೋದೆ. ಕೂಗಿ ನೋಡಿದೆ, ನನ್ನ ದನಿ ಅವರಿಗೆ ಸೊಳ್ಳೆ ಎಂದು ನೆನಪಾಗಿ ನಿಲ್ಲಿಸಿದೆ. ನನ್ನವರು ಇಷ್ಟು ದಿನ ಇದ್ದದ್ದು ಇಂಥ ಊರಿನಲ್ಲಿ. ಇಲ್ಲಿ ಒಬ್ಬರೇ ಮುದುಕರಾಗುವುದು ಎಂದರೆ ಏನು ಎಂದು ಆಗ ತಿಳಿಯಿತು. ಕಾಲು ಸೋತು ಮನೆಗೆ ಬಂದೆ.

ಅವರು ಮನೆಯಲ್ಲಿಯೇ ಇದ್ದರು. ನಾನು ಪಾಠ ಬರೆಯಲು ಇಟ್ಟುಕೊಂಡ ಮಣೆಯ ಎದುರಿಗೆ ಗೋಡೆಗೆ ಒರಗಿ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಉಗುರುಗಳ ಕೆಂಪು ಮಾತ್ರ ಹಾಗೆಯೇ ಇತ್ತು.

"ಬಂದಿಯೇನು?" ಎಂದರು, ನೀರು ತರಲು ಹೋದವಳನ್ನು ಕೇಳಿದ ಹಾಗೆ.

"ಇಲ್ಲೇ ಅದೀರೇನ್ರಿ! ನಾ ಊರೆಲ್ಲಾ ಹುಡುಕಿ ಬಂದ್ನಿ."

"ನೋಡಿದ್ನಿ. ಬೆನ್ನ ಹಿಂದ ಬಂದು ಕೂಗಬೇಕಂದ್ನಿ, ಧೈರ್ಯ ಸಾಲಲಿಲ್ಲ. ಮನಿಯೊಂದು ಬಿಟ್ಟು ಎಲ್ಲಾ ಕಡೆ ಹುಡುಕಿದಿ. ನಿನ್ನ ಕೆಲಸ ಯಾವಾಗಲೂ ಹಂಗ."

ಎದುರಿಗೆ ಕೂತೆ. ಬಯ್ಯಬೇಕೆಂದು ಕೂಡಿಸಿಟ್ಟ ಮಾತುಗಳು ಬಹಳ ಇದ್ದವು. ಆ ಬಿಳಿ ತಲೆ ನೋಡಿ ಒಂದನ್ನೇ ಕೇಳಿದೆ.

"ತುತ್ತಿಗೆ ಯಾಕ ಬರಲಿಲ್ರಿ? ದಿನಾ ಹಿಡಕೊಂಡು ನಿಂತಿದ್ನಲ್ಲ."

"ಮದಲ ಕೆಂಪು ನೋಡ್ಕೋತ ಉಳದ್ನಿ. ನೂಲಿನಾಗ ಬಣ್ಣ ಏರೂದು, ಮುಂಜಾನಿ ಬೆಳಕು ಏರಿದಂಗ ಕಾಣತಿತ್ತು. ಇನ್ನೊಂದು ತುಸು, ಇನ್ನೊಂದು ತುಸು ಅಂದ್ನಿ. ಆಮ್ಯಾಲ ಮನಿಗಿ ಬಂದ್ರ ನೀ ಕುಂತಿದ್ದಿ."

"ಕುಂತಿದ್ರ?"

"ಮದಿವ್ಯಾಗಿ ಇಷ್ಟು ವರ್ಷದಾಗ ನೀ ಒಂದ ಕಡೆ ಕುಂತಿದ್ದು ನಾ ನೋಡಿಲ್ಲ ಕಸ್ತೂರಿ. ತಟ್ಟಿ ಮುಂದ ಕುಂತ್ರ ಉಪ್ಪಿಗಂತ ಏಳತಿ. ಉಪ್ಪು ತಂದ್ರ ನೀರಿಗಂತ ಏಳತಿ. ಚಿಲಕ ಹಾಕೇನಿಲ್ಲೋ ಅಂತ ಏಳತಿ. ನಿನ್ನ ಮಾರಿ ನೆಟ್ಟಗ ನೋಡಬೇಕಂದ್ರ ಸಿಕ್ಕೇ ಇಲ್ಲ. ಇಲ್ಲಿಂದ ನೋಡಿದ್ರ ನೀ ಅಲ್ಲೇ ಅದಿ. ಒಂದು ಅಕ್ಷರಾ ಬರಿಯೂದರಾಗ ನನಗ ಒಂದು ಮಧ್ಯಾನ. ಬರಿಯೂವಾಗ ನಾಲಿಗಿ ತುದಿ ಹಲ್ಲಾಗ ಕಚ್ಚಿ ಹಿಡೀತಿ, ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ನನ್ನ ಬಗ್ಗೆ ಯಾರಾದರೂ ಒಂದು ಮಧ್ಯಾಹ್ನ ಯೋಚಿಸಬಹುದು ಎಂದೂ ಗೊತ್ತಿರಲಿಲ್ಲ. ನಾನು ಒಬ್ಬಳೇ ಇದ್ದೇನೆ ಎಂದುಕೊಂಡು ಬರೆದ ಸಂಜೆಗಳೆಲ್ಲ ನೆನಪಾದವು.

"ಈಗ ಬರ್ರಿ ಮತ್ತ," ಎಂದೆ.

"ಈಗ ಹೆಂಗ ಬರಲಿ? ನಿಮ್ಮಪ್ಪನ ವಯಸ್ಸಾಗೇತಿ ನನಗ. ಮಾನಪ್ಪ ಒಬ್ಬನ ಸಾಕು, ಓಣಿ ತುಂಬ ನಗಸ್ತಾನ."

"ನಗಲಿ."

ಆ ಮಾತು ಬಂದದ್ದು ನನ್ನ ಬಾಯಿಂದ. ಜನ ನಗುತ್ತಾರೆಂದು ಹೊಸ ಸೀರೆಯನ್ನು ಮನೆಯೊಳಗೇ ಉಟ್ಟು ಹಳೆಯದು ಮಾಡಿದವಳು ನಾನು. ಅರಿವೆ ಬಿಚ್ಚಿದೆ.

"ಏನ್ ತಂದಿ?"

"ರೊಟ್ಟಿ, ಪುಂಡಿಪಲ್ಯ."

ಅವರು ನಕ್ಕರು. ಕಣ್ಣು ಮುಚ್ಚಿ ಬಾಯಿ ತೆರೆದರು. ಮುಂದಿನ ಹಲ್ಲೊಂದು ಇರಲಿಲ್ಲ. ನಾನು ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ಎಡಗೈಯಲ್ಲಿ ಇಟ್ಟುಕೊಂಡೆ, ಇನ್ನೊಂದು ತುತ್ತು ನನಗಾಗಿ ಬಲಗೈಯಲ್ಲಿ ಕಲಸತೊಡಗಿದೆ. ಆಗ ಆ ಯೋಚನೆ ಬಂತು. ಉಪ್ಪು ಹಾಕಿದ್ದೇನೆಯೇ? ಅಷ್ಟು ಹೊತ್ತು ಒಲೆಯ ಮುಂದೆ ಕೂತದ್ದು ನೆನಪಿದೆ, ಉಪ್ಪಿನ ಮರಗಿಗೆ ಕೈ ಹಾಕಿದ್ದು ನೆನಪಿಲ್ಲ. ಇಷ್ಟು ಕಾಲದ ಮೇಲೆ ಉಣ್ಣುತ್ತಿದ್ದಾರೆ, ಸಪ್ಪಗಿದ್ದರೆ? ಅಡುಗೆ ಮಾಡುವ ಪ್ರತಿ ಹೆಂಗಸಿನ ಕೈಯೂ ಮಾಡುವ ಕೆಲಸವನ್ನು ನನ್ನ ಕೈ ಮಾಡಿತು. ಬೆರಳಿಗೆ ಅಂಟಿದ ಪಲ್ಯವನ್ನು ನಾಲಿಗೆಯ ತುದಿಗೆ ಮುಟ್ಟಿಸಿದೆ.

ಉಪ್ಪು ಇರಲಿಲ್ಲ.

ನಲ್ಲಿಯ ಹನಿ ಟಪ್ಪೆಂದು ಬಿತ್ತು. ಹೊರಗೆ ಹುಸೇನಬಿಯ ಆಕಳಿಕೆ ಮುಗಿಯಿತು, ಬಸ್ಸಿನ ಹಾರನ್ ಕೇಳಿಸಿತು. ಗೋಡೆಯ ಹತ್ತಿರ ಯಾರೂ ಇರಲಿಲ್ಲ, ಒಂದು ಸೊಳ್ಳೆಯ ದನಿ ಇತ್ತು. ಅವರು ಅಲ್ಲಿ ಕಣ್ಣು ಮುಚ್ಚಿ ಬಾಯಿ ತೆರೆದು ಕಾಯುತ್ತಿದ್ದಾಗಲೇ ನಾನು ಕೆಳಗೆ ಇಳಿದು ಹೋಗಿಬಿಟ್ಟಿದ್ದೆ. ಎಡಗೈ ಚಾಚಿದೆ. ಚಾಚಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಅಂಗೈ ಬರಿದಾಗಿತ್ತು. ಉಂಡರೋ, ಕೈಯಲ್ಲಿ ಹಿಡಿದು ಕೂತರೋ, ಸಿಟ್ಟಿನಿಂದ ಕಾಗೆಗೆ ಹಾಕಿದರೋ, ಕೇಳಲು ದಾರಿಯಿರಲಿಲ್ಲ.

ಹುಸೇನಬಿಗೆ ಹೇಳಿದಾಗ ಅವಳು ಹಣೆ ಬಡಿದುಕೊಂಡಳು. "ಹೇಳಿದ್ನಿಲ್ಲ ಯವ್ವಾ? ಹೇಳಿದ್ನೋ ಇಲ್ಲೋ?" ಎಂದಳು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಪುಟಾಣಿ ಕಟ್ಟಿಕೊಟ್ಟಳು. "ಅಷ್ಟು ಕಾಲ ಹಸದವ ಒಂದ ತುತ್ತಿಗೆ ಇಳಿಯಂಗಿಲ್ಲ. ನೀ ಇಡೂದು ಬಿಡಬ್ಯಾಡ."

ಬಿಡಲಿಲ್ಲ. ಪ್ರತಿ ಊಟಕ್ಕೂ ಮೊದಲು ಗೋಡೆಯ ಕಡೆಗೆ ಅಂಗೈಯಲ್ಲಿ ಒಂದು ತುತ್ತು ಹಿಡಿಯುತ್ತೇನೆ. ಅದು ಹೋಗುತ್ತದೆ. ಅದು ಹೋಗುವ ತನಕ ನಾನು ಅಡುಗೆಯ ರುಚಿ ನೋಡುವುದಿಲ್ಲ. ನೇಮ ಎಂದು ಯಾರೂ ಹಾಕಿಕೊಟ್ಟದ್ದಲ್ಲ, ನಾನೇ ಹಿಡಿದದ್ದು. ಇದರಿಂದ ನನ್ನ ಅಡುಗೆ ಒಂದು ದಿನ ಸಪ್ಪೆ, ಒಂದು ದಿನ ಉಪ್ಪು. ತೆರೆದ ಬಾಗಿಲಿನಿಂದ ಮಾನಪ್ಪ ಒಮ್ಮೆ ನೋಡಿ, "ಏನ್ ಕಸ್ತೂರಕ್ಕ, ಗಾಳಿಗೂ ಉಣಸಾಕತ್ತೀಯಲ್ಲ, ನಮಗೊಂದು ತುತ್ತು ಇಲ್ಲೇನು?" ಎಂದ. ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಹಾಕಿಕೊಳ್ಳಲಿಲ್ಲ.

ಮೊದಮೊದಲು ತುತ್ತು ಹೋಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಆಮೇಲೆ ಅಂಗೈಯ ಮೇಲೆ ಗಾಳಿ ಆಡಿದ ಹಾಗಾಗತೊಡಗಿತು. ಆಮೇಲೆ ಕೆಂಪಗೆ ಏನೋ ಮಿಂಚಿ ಮಾಯವಾಯಿತು, ಉಗುರು ಇರಬಹುದು ಎಂದುಕೊಂಡೆ. ಸೊಳ್ಳೆಯ ದನಿ ದುಂಬಿಯ ದನಿಯಾಯಿತು. ದುಂಬಿ ಹೋಗಿ, ದೂರದ ಹೊಲದಲ್ಲಿ ಯಾರೋ ಹಾಡಿದ ಹಾಗೆ ಕೇಳಿಸಿತು. ಮಾತು ತಿಳಿಯುತ್ತಿರಲಿಲ್ಲ. ಸಂಜೆ ಮಣೆ ಹಾಕಿ ಬರೆಯಲು ಕೂರುತ್ತೇನೆ. ಬೇಕೆಂದೇ ಒಂದೊಂದು ಅಕ್ಷರವನ್ನೂ ನಿಧಾನ ಬರೆಯುತ್ತೇನೆ. ನಾಲಿಗೆ ಹಲ್ಲಿಗೆ ಹೋದಾಗ ನಾಚಿಕೆಯಾಗುತ್ತದೆ, ಆದರೂ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ಈ ಹೊತ್ತು ಮಧ್ಯಾಹ್ನದ ಗಂಟೆಗೆ ತುತ್ತು ಹಿಡಿದಾಗ ಅಂಗೈಯ ಮೇಲೆ ಐದು ಬೆರಳುಗಳ ಭಾರ ಬಿತ್ತು. ಸುಕ್ಕುಬಿದ್ದ ಕೈ, ಕೆಂಪು ಉಗುರು. ಬಿತ್ತು, ಹಾಗೆಯೇ ಇತ್ತು. ಅಗಿಯುವ ಸದ್ದು ಕೇಳಿಸಿತು. ಆಮೇಲೆ ಗೋಡೆಯ ಹತ್ತಿರದಿಂದ, ಮನುಷ್ಯನ ದನಿಯಲ್ಲಿ, ಮುದುಕನ ದನಿಯಲ್ಲಿ ಮಾತು ಬಂತು.

"ಇವತ್ತೂ ಉಪ್ಪಿಲ್ಲಲ್ಲ."

ಉಪ್ಪಿನ ಮರಗಿ ಒಲೆಯ ಪಕ್ಕದಲ್ಲೇ ಇತ್ತು. ಮೊಣಕಾಲಿನವರೆಗೂ ಬಂದ ಅವಸರವನ್ನು ತಡೆದೆ. ನಾನು ಏಳಲಿಲ್ಲ. ಗೋಡೆಗೆ ಒರಗಿ ಕಣ್ಣಿಗೆ ಇಳಿಯುತ್ತಿದ್ದ ಅವರ ಮುಖವನ್ನು ನೆಟ್ಟಗೆ ನೋಡುತ್ತ ಕೂತೆ.